ಡ್ರ್ಯಾಗನ್‌ಗಳ ನಡುವೆ ಮನುಷ್ಯರು ನೆಮ್ಮದಿಯಾಗಿ ಬಾಳಬಹುದೇ?

ಪ್ರಶ್ನೆ: ಕಥೆಗಳಲ್ಲಿ ಡ್ರ್ಯಾಗನ್ ಒಂದೋ ಊರು ಸುಡುವ ಶತ್ರು, ಇಲ್ಲವೇ ಬೆನ್ನ ಮೇಲೆ ಕೂರಿಸಿಕೊಳ್ಳುವ ಗೆಳೆಯ. ನಿಜಕ್ಕೂ ಅಂಥ ಪ್ರಾಣಿ ಇದ್ದಿದ್ದರೆ ಮನುಷ್ಯರ ಜೊತೆ ಶಾಂತಿಯಿಂದ ಇರುತ್ತಿತ್ತೇ?

ಉತ್ತರ: ಬೆಂಕಿ ಉಗುಳುವ ಡ್ರ್ಯಾಗನ್ ಬಗ್ಗೆ ಯಾರು ಏನು ಹೇಳಿದರೂ ನಡೆಯುತ್ತದೆ, ಕೇಳುವವರಿಲ್ಲ. ಆದರೆ ಡ್ರ್ಯಾಗನ್ ಎಂದೇ ಹೆಸರು ಪಡೆದ, ಮನುಷ್ಯನನ್ನು ಕೊಲ್ಲಬಲ್ಲ ಪ್ರಾಣಿಯ ಪಕ್ಕದಲ್ಲೇ ತಲೆಮಾರುಗಳಿಂದ ಸಂಸಾರ ಮಾಡಿಕೊಂಡು ಬಂದ ಜನ ಇಂಡೊನೇಷ್ಯಾದಲ್ಲಿದ್ದಾರೆ. ಕೊಮೊಡೊ ದ್ವೀಪದ ಕೊಮೊಡೊ ಹಳ್ಳಿಯವರು. ಅವರನ್ನು ಮುಂದಿಟ್ಟುಕೊಂಡು ಹೇಳುವುದಾದರೆ, ಬಾಳಬಹುದು. ಆದರೆ ಆ ಶಾಂತಿಗೆ ಖರ್ಚಿದೆ. ಅದನ್ನು ಯಾರು ತೆರುತ್ತಾರೆ ಎಂಬುದೇ ಅಲ್ಲಿನ ದೊಡ್ಡ ತಕರಾರು.

ಮೊದಲು ಪ್ರಾಣಿಯ ವಿಷಯ. ನಮ್ಮ ಹೊಲದ ಬದುಗಳಲ್ಲಿ ಕಾಣುವ ಉಡವೂ ಕೊಮೊಡೊ ಡ್ರ್ಯಾಗನ್ನೂ ವರಾನಸ್ ಎಂಬ ಒಂದೇ ಕುಲದವು. ನಮ್ಮ ಉಡ ಮನುಷ್ಯನನ್ನು ಕಂಡರೆ ಬಿಲ ಹುಡುಕುತ್ತದೆ. ಮಾಂಸಕ್ಕೆಂದು, ಕಂಜೀರದ ಚರ್ಮಕ್ಕೆಂದು ಅದನ್ನು ಬೇಟೆಯಾಡಿದವರು ನಾವೇ, ಹಾಗಾಗಿ ಅದರ ಹೆದರಿಕೆ ಸಹಜ. ಕೊಮೊಡೊದಲ್ಲಿ ಲೆಕ್ಕ ತಿರುಗುಮುರುಗು. ಸ್ಥಳೀಯರು ಓರಾ ಎಂದು ಕರೆಯುವ ಆ ಹಲ್ಲಿ 3 ಮೀಟರ್‌ವರೆಗೆ ಬೆಳೆಯುತ್ತದೆ, ದೊಡ್ಡ ಗಂಡು 70 ಕಿಲೊ ತೂಗುತ್ತದೆ. ಜಿಂಕೆ, ಕಾಡುಹಂದಿ, ಕೊನೆಗೆ ಎಮ್ಮೆಯನ್ನೂ ಬಿಡುವುದಿಲ್ಲ. ಹಾದಿ ಪಕ್ಕದಲ್ಲಿ ಸದ್ದಿಲ್ಲದೆ ಹೊಂಚು ಹಾಕಿ, ಗರಗಸದ ಅಂಚಿನ ಹಲ್ಲುಗಳಿಂದ ಒಮ್ಮೆ ಸೀಳಿತೆಂದರೆ ಗಾಯ ಸುಲಭಕ್ಕೆ ಮುಚ್ಚಿಕೊಳ್ಳುವುದಿಲ್ಲ. ಅದರ ಬಾಯಿಯ ಕೊಳಕಿನಿಂದ ನಂಜಾಗಿ ಬೇಟೆ ಸಾಯುತ್ತದೆ ಎಂದು ಬಹಳ ಕಾಲ ನಂಬಿದ್ದರು. ಕೆಳದವಡೆಯಲ್ಲಿ ವಿಷಗ್ರಂಥಿಗಳಿವೆ, ಆ ವಿಷ ರಕ್ತ ಹೆಪ್ಪುಗಟ್ಟದಂತೆ ತಡೆದು ರಕ್ತದೊತ್ತಡ ಇಳಿಸುತ್ತದೆ ಎಂದು 2009ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಇಷ್ಟು ಕೇಳಿದರೆ ಆ ಊರಲ್ಲಿ ಒಬ್ಬರೂ ಉಳಿಯಬಾರದಿತ್ತು ಅನ್ನಿಸುತ್ತದೆ. ಉಳಿದದ್ದಕ್ಕೆ ಒಂದು ಕಾರಣ ಓರಾದ ಹೊಟ್ಟೆ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಜಿಂಕೆಗಳಷ್ಟು ಬೇಟೆ ಬೇಕು. ಓರಾ ತಣ್ಣನೆಯ ರಕ್ತದ ಪ್ರಾಣಿ, ಮೈ ಬಿಸಿಗೆ ಬಿಸಿಲು ಸಾಕು. ಹೊಟ್ಟೆಬಿರಿಯೆ ತಿಂದರೆ ವಾರಗಟ್ಟಲೆ ಬಿದ್ದುಕೊಂಡಿರುತ್ತದೆ. ವರ್ಷಕ್ಕೆ 12 ಊಟ ಸಿಕ್ಕರೂ ಬದುಕಬಲ್ಲದು. ದಿನವೂ ಹಸಿಯುವ ಪ್ರಾಣಿಯಾಗಿದ್ದರೆ ಈ ನೆರೆಹೊರೆ ಎಂದೋ ಮುರಿದುಬೀಳುತ್ತಿತ್ತು.

ಇನ್ನೊಂದು ಕಾರಣ ಜನರದ್ದು. ಕೊಮೊಡೊದ ಮೂಲನಿವಾಸಿಗಳಾದ ಆಟಾ ಮೊಡೊ ಜನರಲ್ಲಿ ಒಂದು ಕಥೆಯಿದೆ. ನಾಗರಾಜಕುಮಾರಿಯೊಬ್ಬಳಿಗೆ ಅವಳಿ ಮಕ್ಕಳು ಹುಟ್ಟಿದವು. ಒಂದು ಗಂಡು ಮಗು, ಇನ್ನೊಂದು ಓರಾ. ಬೇರೆಬೇರೆಯಾಗಿ ಬೆಳೆದ ಇಬ್ಬರೂ ಮುಂದೊಮ್ಮೆ ಕಾಡಿನಲ್ಲಿ ಎದುರಾದರು. ಯುವಕ ಈಟಿ ಎತ್ತಿದಾಗ ತಾಯಿ ಪ್ರತ್ಯಕ್ಷಳಾಗಿ, ಕೊಲ್ಲಬೇಡ, ಅವಳು ನಿನ್ನ ಒಡಹುಟ್ಟಿದವಳು ಎಂದು ತಡೆದಳು. ಈ ಕಥೆಯ ಬಲದಿಂದಲೇ ಓರಾಗೆ ಕಲ್ಲೆಸೆಯದೆ ದಾರಿ ಬಿಡುವ ರೂಢಿ ಬೆಳೆಯಿತು ಎನ್ನುತ್ತಾರೆ.

ಆದರೆ ಆ ಜನ ಕಥೆಯನ್ನಷ್ಟೇ ನಂಬಿ ಕೂತವರಲ್ಲ. ಮನೆಗಳು ಕಂಬಗಳ ಮೇಲೆ ನಿಂತಿವೆ. ಹೂತ ಹೆಣವನ್ನು ಓರಾ ಅಗೆದು ತೆಗೆಯುತ್ತದೆ ಎಂದು ಸಮಾಧಿಗಳನ್ನು ಮರಳು ನೆಲದಿಂದ ಜೇಡಿ ನೆಲಕ್ಕೆ ಸಾಗಿಸಿದರು, ಮೇಲೆ ಕಲ್ಲುಗಳನ್ನು ಪೇರಿಸಿದರು. ಅಕ್ಕ ತಂಗಿ ಎಂದು ಕರೆಯುತ್ತಲೇ ಹಿರಿಯರ ಗೋರಿಗೆ ಕಲ್ಲು ಹೇರುವ ಈ ವ್ಯವಹಾರಜ್ಞಾನ ನನಗೆ ಕಥೆಗಿಂತ ಹೆಚ್ಚು ಇಷ್ಟ. ಜಿಂಕೆ ಬೇಟೆಯಾಡಿದಾಗ ಕರುಳು, ತಲೆ, ಚರ್ಮವನ್ನು ಓರಾಗೆಂದು ಬಿಟ್ಟು ಬರುತ್ತಿದ್ದರು. ಊರೊಳಗೆ ನಾಯಿಗಳಿದ್ದವು, ಬೊಗಳಿ ಓಡಿಸುತ್ತಿದ್ದವು.

1980ರಲ್ಲಿ ಕೊಮೊಡೊ ರಾಷ್ಟ್ರೀಯ ಉದ್ಯಾನವಾಯಿತು. 1991ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಜಿಂಕೆ ಬೇಟೆ ನಿಂತಿತು, ನಾಯಿ ಸಾಕುವುದು ನಿಂತಿತು. ಪ್ರವಾಸಿಗರೆದುರು ಮೇಕೆ ಕಡಿದು ಓರಾಗಳಿಗೆ ಹಾಕುತ್ತಿದ್ದ ಪ್ರದರ್ಶನವೂ ನಿಂತಿತು, ಅದು ನಿಂತದ್ದು ಒಳ್ಳೆಯದೇ. ಆಮೇಲೆ 2007ರಲ್ಲಿ ಹಳ್ಳಿಯ 8 ವರ್ಷದ ಹುಡುಗನೊಬ್ಬ ಪೊದೆಯ ಮರೆಗೆ ಹೋಗಿದ್ದಾಗ ಓರಾ ಎರಗಿತು. ಹುಡುಗ ರಕ್ತಸ್ರಾವದಿಂದ ಸತ್ತ. 2009ರಲ್ಲಿ ಸೀತಾಫಲ ಕೀಳಲು ಹೋಗಿ ಮರದಿಂದ ಬಿದ್ದವನೊಬ್ಬ ಕೆಳಗಿದ್ದ ಓರಾಗಳ ಪಾಲಾದ. ಪಾಲು ಕೊಡುವುದು ನಿಂತಿತು, ನಾಯಿ ಹೋಯಿತು, ಓರಾ ಮುನಿಯಿತು ಎಂದು ಹಳ್ಳಿಯವರು ಉದ್ಯಾನದ ಅಧಿಕಾರಿಗಳನ್ನು ದೂರಿದರು.

ಜೀವವಿಜ್ಞಾನಿಗಳ ಮಾತು ಬೇರೆ. ತಿನ್ನಿಸುತ್ತ ಹೋದರೆ ಕಾಡುಪ್ರಾಣಿ ಮನುಷ್ಯನ ವಾಸನೆಯನ್ನೂ ಊಟವನ್ನೂ ಒಂದೇ ಎಂದು ಕಲಿಯುತ್ತದೆ. ಇದಕ್ಕೆ ಅದೇ ಉದ್ಯಾನದ ರಿಂಚಾ ದ್ವೀಪದ ಲೋ ಬುವಾಯಾ ಕಾವಲುಕೇಂದ್ರವನ್ನು ನೋಡಬೇಕಿತ್ತು. ಕಂಬಗಳ ಮೇಲಿನ ಅಡುಗೆಮನೆಯ ಕೆಳಗೆ, ಮೀನಿನ ವಾಸನೆಗೆ, ಓರಾಗಳು ದಿನವಿಡೀ ಮಲಗಿರುತ್ತಿದ್ದವು. ಪ್ರವಾಸಿಗರು ಪಾಪ ಸೋಮಾರಿ ಎಂದು ಫೋಟೊ ತೆಗೆಯುತ್ತಿದ್ದರು. 2009ರಲ್ಲಿ ಅದೇ ದ್ವೀಪದಲ್ಲಿ ಮೆಟ್ಟಿಲು ಹತ್ತಿ ಕಚೇರಿಗೆ ನುಗ್ಗಿದ ಒಂದು ಓರಾ ಮೇಜಿನ ಕೆಳಗಿತ್ತು. ಅದನ್ನು ಗಮನಿಸದೆ ಕುರ್ಚಿಯಲ್ಲಿ ಕೂತ ಕಾವಲುಗಾರನ ಕಾಲಿಗೆ ಬಾಯಿ ಹಾಕಿತು. ಆತ ಹೇಗೋ ಜೀವ ಉಳಿಸಿಕೊಂಡ.

ಈ ವಾದದಲ್ಲಿ ನಾನು ವಿಜ್ಞಾನಿಗಳ ಕಡೆ ವಾಲುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ಕರುಳು ಹಾಕುವುದರಿಂದ ಓರಾ ಶಾಂತವಾಗುತ್ತದೆ ಎಂಬುದಕ್ಕೆ ಪುರಾವೆ ಸಾಲದು. ನಾಯಿಯ ವಿಷಯದಲ್ಲಿ ಹಳ್ಳಿಯವರ ಮಾತಿಗೆ ತೂಕವಿದೆ. ಕಾವಲನ್ನು ಕಿತ್ತುಕೊಂಡವರು ಬದಲಿಗೆ ಏನು ಕೊಟ್ಟರು ಎಂದು ಕೇಳುವ ಹಕ್ಕು ಅವರಿಗಿದೆ. ಅಂಕಿ ನೋಡಿದರೆ ಅಪಾಯ ದೊಡ್ಡದೇನಲ್ಲ. ಉದ್ಯಾನದ ದಾಖಲೆಯ ಪ್ರಕಾರ 1974ರಿಂದ 2012ರವರೆಗೆ ಮನುಷ್ಯರ ಮೇಲೆ 24 ದಾಳಿಗಳಾದವು, 5 ಮಂದಿ ಸತ್ತರು. ನಮ್ಮಲ್ಲಿ ಹಾವು ಕಚ್ಚಿ ಸಾಯುವವರ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಮಗನನ್ನು ಕಳೆದುಕೊಂಡ ಮನೆಗೆ ಸರಾಸರಿ ಹೇಳಲು ಹೋಗಬಾರದು.

2019ರಲ್ಲಿ ಆ ಪ್ರಾಂತ್ಯದ ಗವರ್ನರ್ ಇನ್ನೊಂದು ದಾರಿ ಹಿಡಿದರು. ಕೊಮೊಡೊ ದ್ವೀಪವನ್ನು ಒಂದು ವರ್ಷ ಮುಚ್ಚುವುದು, ಸುಮಾರು 2,000 ಜನರನ್ನು ಬೇರೆಡೆ ಸಾಗಿಸುವುದು ಎಂಬ ಯೋಜನೆ. ಡ್ರ್ಯಾಗನ್‌ಗಳ ಹಿತಕ್ಕೆ ಮನುಷ್ಯರನ್ನೇ ತೆಗೆದುಹಾಕುವುದು ಶಾಂತಿಯ ಅತಿ ಸುಲಭದ ಉಪಾಯ, ಅಷ್ಟೇ ಅನ್ಯಾಯದ್ದು ಕೂಡ. ಹಳ್ಳಿಯವರು ಪ್ರತಿಭಟಿಸಿದರು, ಆ ವರ್ಷವೇ ಸರ್ಕಾರ ಮುಚ್ಚುವ ಯೋಜನೆ ಕೈಬಿಟ್ಟಿತು. ಓರಾಗೆ ನಿಜವಾಗಿ ಕಂಟಕವಾಗಿರುವುದು ಆ ಮೀನುಗಾರರ ಗುಡಿಸಲುಗಳಲ್ಲ. 2021ರಲ್ಲಿ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದಾಗ ಕೊಟ್ಟ ಮುಖ್ಯ ಕಾರಣ ಏರುತ್ತಿರುವ ತಾಪ ಮತ್ತು ಸಮುದ್ರಮಟ್ಟ. ಮುಂದಿನ 45 ವರ್ಷಗಳಲ್ಲಿ ಅದರ ನೆಲೆ ಕನಿಷ್ಠ ಶೇ 30ರಷ್ಟು ಕುಗ್ಗಬಹುದು ಎಂಬ ಅಂದಾಜಿದೆ.

ನೋಡಬೇಕೆನ್ನುವವರು ಪಕ್ಕದ ಫ್ಲೋರೆಸ್ ದ್ವೀಪದ ಲಬುವಾನ್ ಬಾಜೊ ಪಟ್ಟಣದಿಂದ ದೋಣಿ ಹಿಡಿಯಬೇಕು. ಕವಲುಕೋಲು ಹಿಡಿದ ಕಾವಲುಗಾರನಿಲ್ಲದೆ ಒಂದು ಹೆಜ್ಜೆಯೂ ಇಡುವಂತಿಲ್ಲ. ಮೈಮೇಲೆ ಗಾಯವಿದ್ದರೆ, ಮುಟ್ಟಾಗಿದ್ದರೆ ಮೊದಲೇ ಅವನಿಗೆ ತಿಳಿಸಿ, ಸಂಕೋಚ ಬೇಡ. ಮರದಲ್ಲಿ ಕೆತ್ತಿದ ಓರಾ ಬೊಂಬೆ ಕೊಳ್ಳುವ ಮನಸ್ಸಿದ್ದರೆ ವಿಮಾನ ನಿಲ್ದಾಣದವರೆಗೆ ಕಾಯದೆ ದ್ವೀಪದಲ್ಲೇ ಹಳ್ಳಿಯವರಿಂದ ಕೊಳ್ಳಿ. ಬೇಟೆ ಬಿಟ್ಟ ಮೇಲೆ ಅವರಲ್ಲಿ ಅನೇಕರು ಉಳಿ ಹಿಡಿದಿದ್ದಾರೆ.