ಮಾರ್ವೆಲ್ ವರ್ಸಸ್ ಕ್ಯಾಪ್ಕಾಮ್ 2 ಮೊದಲ ಸಲ ಆಡೋರಿಗೆ ನನ್ನ ನೋಟ್ಸ್

ಮಾರ್ವೆಲ್ ಕಾಮಿಕ್ಸ್ ಹೀರೋಗಳೂ ಕ್ಯಾಪ್ಕಾಮ್ ಕಂಪನಿಯ ಗೇಮ್‌ಗಳ ಪಾತ್ರಗಳೂ ಮೂವರು ಮೂವರ ಟೀಮ್ ಆಗಿ ಹೊಡೆದಾಡೋ ವಿಡಿಯೋ ಗೇಮ್ ಇದು. ನನಗೋಸ್ಕರ ಬರ್ಕೊಂಡಿದ್ದ ನೋಟ್ಸ್ ಇವು, ನನ್ನ ಹಾಗೇ ಹೊಸದಾಗಿ ಕಲಿಯೋರಿಗೂ ಆಗ್ಲಿ ಅಂತ ಸ್ವಲ್ಪ ತಿದ್ದಿದೀನಿ. ಎಕ್ಸ್‌ಪರ್ಟ್ ಏನಲ್ಲ ನಾನು, ಮೂರು ವಾರ ಆಡಿದೀನಿ ಅಷ್ಟೇ, ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ. ಆದ್ರೆ ಹೊಸಬರು ಎಲ್ಲೆಲ್ಲಿ ಎಡವ್ತಾರೆ ಅನ್ನೋದು ಇನ್ನೂ ಬಿಸಿಬಿಸಿಯಾಗಿ ನೆನಪಿದೆ, ಮರೆತುಹೋಗೋ ಮುಂಚೆ ಬರೆದಿಡ್ತೀನಿ.

ಮೊದಲ ದಿನ ಕ್ಯಾರೆಕ್ಟರ್ ಸೆಲೆಕ್ಟ್ ಸ್ಕ್ರೀನ್ ಬಂತು, 56 ಮುಖಗಳು, ಹಿಂದುಗಡೆ ಜಾಝ್ ಹಾಡು (ಹೊಡೆದಾಟದ ಗೇಮ್‌ಗೆ ಯಾರಾದ್ರೂ ಜಾಝ್ ಹಾಕ್ತಾರಾ ಅಂತ ನಗು ಬಂದಿತ್ತು, ಈಗ ಪಾತ್ರೆ ತೊಳೆಯುವಾಗ್ಲೂ ಅದನ್ನೇ ಗುನುಗ್ತಿರ್ತೀನಿ). ಗೊತ್ತಿರೋ ಮುಖ ಅಂತ ರ‍್ಯು, ವುಲ್ವರಿನ್, ಸ್ಪೈಡರ್‌ಮ್ಯಾನ್ ಮೂವರನ್ನ ತಗೊಂಡೆ. ಎದುರಿನವನು ಬಿಟ್ಟ ಲೇಸರ್ ಸ್ಕ್ರೀನ್ ಪೂರ್ತಿ ತುಂಬ್ಕೊಳ್ತು, ಮಧ್ಯದಲ್ಲಿ ಇನ್ಯಾರೋ ಬಂದು ಒದ್ದು ಹೋದ್ರು, ನನ್ನ ರ‍್ಯು ನಾನು ಹೇಳ್ದೇನೇ ಆಚೆ ಹೋಗಿ ವುಲ್ವರಿನ್ ಒಳಗೆ ಬಂದ, ಅವನು ಬಂದ ತಕ್ಷಣ ಸತ್ತ. ತಲೆಬುಡ ಅರ್ಥ ಆಗ್ಲಿಲ್ಲ. ಕಂಟ್ರೋಲರ್ ಕೆಟ್ಟಿದೆ ಅಂತಾನೇ ಅಂದ್ಕೊಂಡೆ, ಕೆಟ್ಟಿರಲಿಲ್ಲ, ಯಾಕೆ ಅಂತ ಕೆಳಗೆ ಬರುತ್ತೆ.

ಸ್ವಲ್ಪ ಹಿನ್ನೆಲೆ

ಇತಿಹಾಸ ಬೇಡ ಅನ್ನೋರು ಇದನ್ನ ಹಾರಿಸಿ, ಆದ್ರೆ ಗೇಮ್ ಯಾಕೆ ಹೀಗಿದೆ ಅನ್ನೋದು ಇದ್ರಿಂದಾನೇ ಗೊತ್ತಾಗೋದು. 1994ರಲ್ಲಿ ಕ್ಯಾಪ್ಕಾಮ್ ಎಕ್ಸ್‌ಮೆನ್ ಚಿಲ್ಡ್ರನ್ ಆಫ್ ದಿ ಆಟಮ್ ಅಂತ ಮಾಡ್ತು, ಅದ್ರಲ್ಲಿ ಕ್ಯಾಪ್ಕಾಮ್‌ನದೇ ಗೇಮ್ ಸ್ಟ್ರೀಟ್ ಫೈಟರ್‌ನ ಅಕುಮಾ ಗುಟ್ಟಾಗಿ ಅಡಗಿದ್ದ, ಈ ಎರಡು ಲೋಕ ಬೆರೆತಿದ್ದು ಅಲ್ಲಿಂದ. 1996ರ ಎಕ್ಸ್‌ಮೆನ್ ವರ್ಸಸ್ ಸ್ಟ್ರೀಟ್ ಫೈಟರ್‌ನಲ್ಲಿ ಇಬ್ಬರಿಬ್ಬರ ಟೀಮ್ ಬಂತು, ಆಟದ ಮಧ್ಯದಲ್ಲೇ ಆಳು ಬದಲಾಯಿಸ್ಬಹುದು. 1997ರ ಗೇಮ್‌ನಲ್ಲಿ ಹೊರಗಿರೋ ಜೊತೆಗಾರನನ್ನ ಒಂದು ಏಟಿಗೆ ಮಾತ್ರ ಕರೆಯೋ ಅಸಿಸ್ಟ್ ಬಂತು. 1998ರಲ್ಲಿ ಮಾರ್ವೆಲ್ ವರ್ಸಸ್ ಕ್ಯಾಪ್ಕಾಮ್, 2000ದಲ್ಲಿ ಈ ಎರಡನೇದು. ಅಂದ್ರೆ ಆರು ವರ್ಷ ಒಂದರ ಮೇಲೊಂದು ಅಟ್ಟ ಕಟ್ಟಿದ ಹಾಗೆ ಸೇರಿಸ್ತಾ ಬಂದಿದಾರೆ, ನಾವು ಹೊಸಬರು ನೇರವಾಗಿ ಮೇಲಿನ ಅಟ್ಟಕ್ಕೇ ಹತ್ತಕ್ಕೆ ಹೋಗ್ತೀವಿ, ಬೀಳದೇ ಇರ್ತೀವಾ.

ಚಿತ್ರಗಳೂ ಹಾಗೇ. ಎಷ್ಟೋ ಜನರ ಡ್ರಾಯಿಂಗ್ ಹಳೇ ಗೇಮ್‌ಗಳಿಂದ ಎತ್ಕೊಂಡು ಬಂದಿದ್ದು, ಹಿಂದಿನ ಸ್ಟೇಜ್ ಮಾತ್ರ ಹೊಸ 3ಡಿ. ಮಾರಿಗನ್ ಪಕ್ಕದಲ್ಲಿ ಬೇರೆಯವರನ್ನ ನಿಲ್ಲಿಸಿ ನೋಡಿ, ಯಾವ್ದೋ ಬೇರೆ ಆಲ್ಬಮ್‌ನ ಫೋಟೋ ಕತ್ತರಿಸಿ ಅಂಟಿಸಿದ ಹಾಗೆ ಕಾಣ್ತಾಳೆ. ನನಗಂತೂ ಅದೇ ಇಷ್ಟ.

ಈಗ ಆಡೋಕೆ ಸುಲಭದ ದಾರಿ 2024ರ ಸೆಪ್ಟೆಂಬರ್‌ನಲ್ಲಿ ಬಂದ ಫೈಟಿಂಗ್ ಕಲೆಕ್ಷನ್, ಈ ಸರಣಿಯ ಆರು ಫೈಟಿಂಗ್ ಗೇಮ್ ಒಟ್ಟಿಗೆ ಸಿಗುತ್ತೆ, ಟ್ರೈನಿಂಗ್ ಮೋಡೂ ಇದೆ.

ಬಟನ್‌ಗಳು, ಇದನ್ನ ನಿಧಾನಕ್ಕೆ ಓದಿ

ಆರು ಬಟನ್. ಆರ್ಕೇಡ್ ಜೋಡಣೆ ಮನಸ್ಸಲ್ಲಿ ಇಟ್ಕೊಳಿ: ಮೇಲಿನ ಸಾಲಲ್ಲಿ ಲೈಟ್ ಪಂಚ್, ಹೆವಿ ಪಂಚ್, ಅಸಿಸ್ಟ್ ಒಂದು. ಕೆಳಗಿನ ಸಾಲಲ್ಲಿ ಲೈಟ್ ಕಿಕ್, ಹೆವಿ ಕಿಕ್, ಅಸಿಸ್ಟ್ ಎರಡು. ಮೀಡಿಯಂಗೆ ಅಂತ ಬೇರೆ ಬಟನ್ ಇಲ್ಲ, ಲೈಟ್ ಹೊಡೆದು ಮತ್ತೆ ಅದೇ ಲೈಟ್ ಒತ್ತಿದ್ರೆ ಎರಡನೇದು ಮೀಡಿಯಂ ಆಗಿ ಬರುತ್ತೆ.

ಈಗ ಇದನ್ನ ಕಂಬಗಳ ತರ ನೋಡಿ. ಮೊದಲನೇ ಕಂಬದ ಎರಡೂ ಬಟನ್, ಅಂದ್ರೆ ಲೈಟ್ ಪಂಚ್ ಮತ್ತೆ ಲೈಟ್ ಕಿಕ್, ಒಟ್ಟಿಗೆ ಒತ್ತಿದ್ರೆ ಮೊದಲನೇ ಜೊತೆಗಾರ ಒಳಗೆ ಬರ್ತಾನೆ. ಎರಡನೇ ಕಂಬ ಒಟ್ಟಿಗೆ ಒತ್ತಿದ್ರೆ ಎರಡನೇ ಜೊತೆಗಾರ. ಮೂರನೇ ಕಂಬ, ಎರಡೂ ಅಸಿಸ್ಟ್ ಒಟ್ಟಿಗೆ ಒತ್ತಿದ್ರೆ ಟೀಮ್‌ನವರೆಲ್ಲ ಬಂದು ಸೂಪರ್, ಅಂದ್ರೆ ದೊಡ್ಡ ಏಟು, ಹೊಡೀತಾರೆ, ಅದಕ್ಕೆ ಮೀಟರ್ (ಸ್ಕ್ರೀನ್ ಕೆಳಗಡೆ ತುಂಬ್ತಾ ಹೋಗೋ ಪಟ್ಟಿ) ಬೇಕು. ಇನ್ನು ಅಡ್ಡಕ್ಕೆ, ಮೇಲಿನ ಎರಡು ಪಂಚ್ ಒಟ್ಟಿಗೆ ಒತ್ತಿದ್ರೆ ಡ್ಯಾಶ್, ಅಂದ್ರೆ ಥಟ್ಟನೆ ನುಗ್ಗೋದು, ಬ್ಲಾಕ್ ಮಾಡ್ತಿರುವಾಗ ಅದನ್ನೇ ಒತ್ತಿದ್ರೆ ಎದುರಿನವನನ್ನ ದೂರ ತಳ್ಳುತ್ತೆ, ಅದಕ್ಕೆ ಪುಶ್‌ಬ್ಲಾಕ್ ಅಂತಾರೆ.

ಮೊದಲ ದಿನದ ರಹಸ್ಯ ಇಲ್ಲೇ ಇದೆ ನೋಡಿ. ಗಾಬರಿಲಿ ಎಲ್ಲಾ ಬಟನ್ ಕುಟ್ತಿದ್ದೆ, ಲೈಟ್ ಪಂಚ್ ಲೈಟ್ ಕಿಕ್ ಒಂದೇ ಸಲ ಬಿದ್ದು ನಾನೇ ಟ್ಯಾಗ್ ಮಾಡಿ, ಅಂದ್ರೆ ಆಳು ಬದಲಾಯಿಸಿ, ಬಿಟ್ಟಿದೀನಿ, ಗೊತ್ತೇ ಆಗಿಲ್ಲ. ಒಳಗೆ ಬರೋನು ಒಂದು ಏಟು ಹೊಡ್ಕೊಂಡೇ ಬರ್ತಾನೆ, ಆದ್ರೆ ಆ ಏಟನ್ನ ಎದುರಿನವನು ಬ್ಲಾಕ್ ಮಾಡಿದ್ರೆ ನಮ್ಮವನು ಸ್ವಲ್ಪ ಹೊತ್ತು ಸುಮ್ನೆ ನಿಂತಿರ್ತಾನೆ, ಹೊಡಿ ನನ್ನ ಅಂತ ಬೆನ್ನು ಕೊಟ್ಟ ಹಾಗೆ. ಆದ್ರಿಂದ ಮೊದಲ ವಾರದ ಪಾಠ ಒಂದೇ, ಒಂದು ಸಲಕ್ಕೆ ಒಂದು ಬಟನ್. ಕುಟ್ಟೋ ಅಭ್ಯಾಸ ಬೇರೆ ಗೇಮ್‌ನಲ್ಲಿ ಸ್ವಲ್ಪ ನಡೆಯುತ್ತೆ, ಇಲ್ಲಿ ನಿಮ್ಮ ಆಳನ್ನೇ ಬದಲಾಯಿಸಿಬಿಡುತ್ತೆ.

ನಂಬರ್ ಭಾಷೆ

ಯಾವ ಗೈಡ್ ನೋಡಿದ್ರೂ 236, 623 ಅಂತ ಬರೆದಿರ್ತಾರೆ, ನಾನು ಯಾವ್ದೋ ಚೀಟ್ ಕೋಡ್ ಅನ್ಕೊಂಡಿದ್ದೆ. ಕೀಬೋರ್ಡಿನ ಬಲಗಡೆ ನಂಬರ್ ಪ್ಯಾಡ್ ಇರುತ್ತಲ್ಲ, ಅದೇ ಜಾಯ್‌ಸ್ಟಿಕ್ ಅಂದ್ಕೊಳಿ. 5 ಅಂದ್ರೆ ಕೈ ಬಿಟ್ಟಿರೋದು, 6 ಮುಂದೆ, 4 ಹಿಂದೆ, 2 ಕೆಳಗೆ, 8 ಮೇಲೆ. 236 ಅಂದ್ರೆ ಕೆಳಗಿಂದ ಮುಂದಕ್ಕೆ ಕಾಲು ಸುತ್ತು, ಅದ್ರ ಜೊತೆ ಪಂಚ್ ಒತ್ತಿದ್ರೆ ರ‍್ಯು ಹಡೋಕೆನ್ (ಕೈಯಿಂದ ಎಸೆಯೋ ಶಕ್ತಿಯ ಉಂಡೆ) ಬಿಡ್ತಾನೆ, ಎರಡು ಪಂಚ್ ಒತ್ತಿದ್ರೆ ಸೂಪರ್. 623 ಅಂದ್ರೆ ಶೋರ್ಯುಕೆನ್, ಮೇಲಕ್ಕೆ ಹಾರಿ ಹೊಡೆಯೋ ಗುದ್ದು. ಇದೆಲ್ಲ ನೀವು ಎಡಗಡೆ ನಿಂತು ಬಲಕ್ಕೆ ನೋಡ್ತಿರುವಾಗಿನ ಲೆಕ್ಕ, ಬದಿ ಬದಲಾದ್ರೆ ಕನ್ನಡೀಲಿ ನೋಡಿದ ಹಾಗೆ ತಿರುಗಿಸ್ಕೊಳ್ಬೇಕು. ಈ ಗೇಮ್‌ನಲ್ಲಿ ಬದಿ ಎಷ್ಟು ಸಲ ಬದಲಾಗುತ್ತೆ ಅಂತ ಕೇಳ್ಬೇಡಿ.

ನನಗೆ ಎರಡು ದಿನ ಕಾಡಿದ ತೊಂದರೆ: ಹಡೋಕೆನ್ ಬಿಡೋಣ ಅಂದ್ರೆ ಶೋರ್ಯುಕೆನ್ ಬರ್ತಿತ್ತು. ಕಾರಣ ಏನಂದ್ರೆ ಮುಂದಕ್ಕೆ ನಡೀತಾ ನಡೀತಾ 236 ಮಾಡ್ತಿದ್ದೆ, ಆಗ ಗೇಮ್‌ಗೆ ಸಿಗೋದು 6236, ಅದ್ರೊಳಗೆ 623 ಕೂಡ ಇದೆ. ನಡೆಯೋದು ನಿಲ್ಲಿಸಿ, 5ಕ್ಕೆ ಬಿಟ್ಟು, ಆಮೇಲೆ ಮಾಡಿದ್ರೆ ಸರಿ ಹೋಗುತ್ತೆ.

ಅಸಿಸ್ಟ್: ನನ್ನ ಪ್ರಕಾರ ಗೇಮ್ ಅಂದ್ರೆ ಇದೇ

ಮೂವರನ್ನ ಆರಿಸ್ತೀವಲ್ಲ, ಅದಕ್ಕೆ ಮೂರು ಫೈಟರ್ ಅಂತ ತಿಳ್ಕೊಂಡ್ರೆ ತಪ್ಪು. ಆಡೋನು ಒಬ್ಬ, ಉಳಿದ ಇಬ್ಬರು ಎರಡು ಬಟನ್‌ಗಳು. ಈ ಮಾತು ತಲೆಗೆ ಹೊಕ್ಕಿದ ದಿನ ನನ್ನ ಆಟ ಬದಲಾಯ್ತು.

ಪ್ರತಿ ಕ್ಯಾರೆಕ್ಟರ್‌ಗೂ ಆಲ್ಫಾ, ಬೀಟಾ, ಗಾಮಾ ಅಂತ ಮೂರು ಅಸಿಸ್ಟ್ ಇದೆ, ಆರಿಸುವಾಗ್ಲೇ ಒಂದನ್ನ ಹೇಳ್ಬೇಕು. ಅವಸರದಲ್ಲಿ ನಾನು ಯಾವಾಗ್ಲೂ ಮೊದಲನೇದನ್ನೇ ಒತ್ತಿ ಮುಂದೆ ಹೋಗ್ತಿದ್ದೆ, ದೊಡ್ಡ ದಡ್ಡತನ. ಸೈಲಾಕ್‌ನ ಆಲ್ಫಾ ತಗೊಂಡ್ರೆ ಅವಳು ಮೇಲಕ್ಕೆ ಚಿಮ್ಮಿ ಹೊಡೀತಾಳೆ, ಮೇಲಿಂದ ಹಾರಿ ಬರೋರಿಗೆ ಅದು ಗೋಡೆ ಇದ್ದ ಹಾಗೆ. ಸೆಂಟಿನೆಲ್‌ನ ಗಾಮಾ ತಗೊಂಡ್ರೆ ಡ್ರೋನ್‌ಗಳು ಸಾಲಾಗಿ ಹಾರಿ ಹೋಗುತ್ವೆ, ಎದುರಿನವನು ಬ್ಲಾಕ್ ಹಿಡ್ಕೊಂಡು ಕೂತಿರ್ಬೇಕು, ಅಷ್ಟ್ರಲ್ಲಿ ನೀವು ಹತ್ತಿರ ಹೋಗ್ಬಹುದು. ನಿಮ್ಮ ಮುಖ್ಯ ಆಳಿಗೆ ಏನು ಬರಲ್ಲವೋ ಅದನ್ನ ಅಸಿಸ್ಟ್‌ನಿಂದ ತುಂಬಿಸ್ಬೇಕು. ನನ್ನ ಮೊದಲ ಟೀಮ್ ನೋಡಿ, ರ‍್ಯು ದೂರದಿಂದ ಗುಂಡು ಬಿಡ್ಬೇಕು, ವುಲ್ವರಿನ್ ಮೈಮೇಲೆ ಬೀಳ್ಬೇಕು, ಸ್ಪೈಡರ್‌ಮ್ಯಾನ್ ನೇತಾಡ್ಬೇಕು, ಎತ್ತು ಏರಿಗೆ ಕೋಣ ನೀರಿಗೆ. ಇಷ್ಟದ ಮುಖ ಆರಿಸ್ಬೇಡಿ ಅಂತಲ್ಲ, ಒಬ್ಬನನ್ನ ಇಷ್ಟಕ್ಕೆ ಆರಿಸಿ, ಇಬ್ಬರನ್ನ ಕೆಲಸಕ್ಕೆ ಆರಿಸಿ.

ಇನ್ನೊಂದು, ಅಸಿಸ್ಟ್ ಅಂತ ಬಂದೋನೂ ಏಟು ತಿಂತಾನೆ. ಸುಮ್ಸುಮ್ನೆ ಕರೆದ್ರೆ ಎದುರಿನವನ ಒಂದೇ ಸೂಪರ್‌ಗೆ ನಿಮ್ಮ ಇಬ್ಬರೂ ಸಿಕ್ಕಾಕೊಳ್ತಾರೆ, ಎರಡು ಲೈಫ್ ಬಾರ್ ಒಟ್ಟಿಗೆ ಇಳಿಯೋದು ನೋಡೋಕೆ ತುಂಬಾ ಸಂಕಟ. ಮತ್ತೆ ನೀವು ಏಟು ತಿನ್ನುತ್ತಿರುವಾಗ ಅಸಿಸ್ಟ್ ಬರಲ್ಲ, ಬಟನ್ ಎಷ್ಟು ಒತ್ತಿದ್ರೂ ಬರಲ್ಲ, ಅಲ್ಲಿ ಒತ್ತೋದು ಬಿಟ್ಟು ಬ್ಲಾಕ್ ಹಿಡೀರಿ.

ಕಣ್ಣು ಎಲ್ಲಿಡ್ಬೇಕು ಅನ್ನೋದೂ ಇಲ್ಲೇ ಹೇಳ್ತೀನಿ. ನಾನು ನನ್ನ ಕ್ಯಾರೆಕ್ಟರನ್ನೇ ನೋಡ್ತಿದ್ದೆ, ಎಲ್ಲಾ ಹೊಸಬರೂ ಹಾಗೇ ಮಾಡೋದು. ಬದಲಿಗೆ ಎದುರಿನವನ ಅಸಿಸ್ಟ್ ಈಗಷ್ಟೇ ಬಂದು ಹೋಯ್ತಾ ಇಲ್ವಾ ಅಂತ ನೋಡಿ. ಬಂದು ಹೋಗಿದ್ರೆ ಅವನು ತಕ್ಷಣ ಮತ್ತೆ ಕರೆಯೋಕಾಗಲ್ಲ, ಆ ಒಂದು ಕ್ಷಣ ಅವನು ಒಂಟಿ, ಮುಂದೆ ಹೋಗೋದಿದ್ರೆ ಆಗ್ಲೇ ಹೋಗ್ಬೇಕು. ಇದನ್ನ ನೋಡೋಕೆ ಶುರು ಮಾಡಿದ್ಮೇಲೆ ಸ್ಕ್ರೀನ್ ಮೇಲಿನ ಗಲಾಟೆ ನಿಧಾನಕ್ಕೆ ಒಂದು ಸರದಿ ತರ ಕಾಣೋಕೆ ಶುರುವಾಯ್ತು, ಅವನು ಕರೆದ, ಹೋಯ್ತು, ಈಗ ನಾನು.

ಬ್ಲಾಕ್

ಹಿಂದಕ್ಕೆ ಒತ್ತಿ ಹಿಡಿದ್ರೆ ಬ್ಲಾಕ್. ಕೂತು ಕಾಲಿಗೆ ಹೊಡೆಯೋ ಏಟನ್ನ ಕೂತೇ ತಡೀಬೇಕು, ಹಾರಿ ಬರೋ ಏಟನ್ನ ನಿಂತು ತಡೀಬೇಕು. ಗಾಳೀಲೂ ಬ್ಲಾಕ್ ಮಾಡ್ಬಹುದು, ಇದು ಸ್ಟ್ರೀಟ್ ಫೈಟರ್ 2 ಆಡಿ ಬಂದೋರಿಗೆ ಹೊಸದು. ಸ್ಪೆಷಲ್ (ಹಡೋಕೆನ್ ತರದ ಏಟು) ಮತ್ತೆ ಸೂಪರ್‌ಗಳನ್ನ ಬ್ಲಾಕ್ ಮಾಡಿದ್ರೂ ಚೂರು ಚೂರು ಲೈಫ್ ಹೋಗುತ್ತೆ, ಅದಕ್ಕೇ ಪುಶ್‌ಬ್ಲಾಕ್ ಕಲೀರಿ ಅನ್ನೋದು.

ಕಾಂಬೋ, ಕಡಿಮೆ ಹೇಳ್ತೀನಿ

ಕಾಂಬೋ ಅಂದ್ರೆ ಬಿಡುವಿಲ್ದೆ ಒಂದರ ಹಿಂದೊಂದು ಬೀಳೋ ಏಟುಗಳು. ವಿಡಿಯೋಲಿ ಮ್ಯಾಗ್ನೀಟೋನ ಕಾಂಬೋ ನೋಡಿ ಮೊದಲ ವಾರಾನೇ ಅದನ್ನ ಕಲಿಯೋಕೆ ಕೂತ್ಕೋಬೇಡಿ, ನಾನು ಕೂತು ಬೆರಳು ನೋವು ಮಾಡ್ಕೊಂಡೆ. ಮೂಲ ಆಕಾರ ಒಂದೇ: ಲೈಟ್‌ನಿಂದ ಶುರು ಮಾಡಿ ಬಲವಾದ ಏಟಿನ ಕಡೆ ಹೋಗಿ, ಲಾಂಚರ್ ಹೊಡೆದು ಎದುರಿನವನನ್ನ ಮೇಲಕ್ಕೆ ಎಸೀರಿ, ಮೇಲಕ್ಕೆ ಒತ್ತಿ ಸೂಪರ್ ಜಂಪಲ್ಲಿ ಹಿಂದೆ ಹೋಗಿ, ಗಾಳೀಲಿ ಮತ್ತೆ ಲೈಟ್‌ನಿಂದ ಹೆವಿಗೆ. ಲಾಂಚರ್ ಕೆಲವರಿಗೆ ಕೂತು ಹೊಡೆಯೋ ಹೆವಿ ಪಂಚ್, ಕೆಲವರಿಗೆ ಬೇರೆ ಏನೋ, ಟ್ರೈನಿಂಗಲ್ಲಿ ಒಂದೊಂದೇ ಒತ್ತಿ ನೋಡಿದ್ರೆ ಎರಡು ನಿಮಿಷದಲ್ಲಿ ಸಿಗುತ್ತೆ. ನಾಲ್ಕೇ ಏಟಿನ ಗಾಳಿ ಕಾಂಬೋ ಹತ್ತಕ್ಕೆ ಹತ್ತು ಸಲ ಬಂದ್ರೆ ಸಾಕು ಈಗ.

ಮೀಟರ್ ಮತ್ತೆ ಕೆಂಪು ಲೈಫ್

ಕೆಳಗಡೆ ಇರೋ ಮೀಟರ್ 5 ಲೆವೆಲ್ ತನಕ ತುಂಬುತ್ತೆ, ಮೂವರಿಗೂ ಸೇರಿ ಒಂದೇ. ಸಾಮಾನ್ಯ ಸೂಪರ್‌ಗೆ ಒಂದು ಲೆವೆಲ್. ನಾನು ಒಂದು ತುಂಬಿದ ತಕ್ಷಣ ಬಿಟ್ಟುಬಿಡ್ತಿದ್ದೆ, ದೂರದಿಂದ, ಅವನು ಆರಾಮಾಗಿ ಬ್ಲಾಕ್ ಮಾಡ್ತಿದ್ದ, ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಎರಡು ಲೆವೆಲ್ ಕೂಡಿಟ್ಕೊಂಡ್ರೆ ಡಿಎಚ್‌ಸಿ ಮಾಡ್ಬಹುದು: ಒಬ್ಬನ ಸೂಪರ್ ನಡೀತಿರುವಾಗ್ಲೇ ಮುಂದಿನವನ ಸೂಪರ್‌ನ ಚಲನೆ ಹಾಕಿದ್ರೆ, ಅವನು ತನ್ನ ಸೂಪರ್ ಹೊಡ್ಕೊಂಡೇ ಒಳಗೆ ಬರ್ತಾನೆ, ಹಳಬ ಹೊರಗೆ ಹೋಗ್ತಾನೆ. ಡ್ಯಾಮೇಜ್‌ಗಿಂತ ಇದ್ರ ದೊಡ್ಡ ಉಪಯೋಗ ಅದೇ, ಮಾಮೂಲಿ ಟ್ಯಾಗ್‌ಗಿಂತ ಎಷ್ಟೋ ಸುರಕ್ಷಿತವಾಗಿ ಆಳು ಬದಲಾಯಿಸೋ ದಾರಿ.

ಯಾಕೆ ಬದಲಾಯಿಸ್ಬೇಕು ಅಂದ್ರೆ, ಲೈಫ್ ಬಾರಲ್ಲಿ ಕೆಂಪಾಗಿ ಉಳಿಯೋ ಭಾಗ ಇದೆಯಲ್ಲ, ಹೊರಗೆ ಕೂತಿದ್ರೆ ಅದು ನಿಧಾನಕ್ಕೆ ವಾಪಸ್ ತುಂಬುತ್ತೆ. ಸುಸ್ತಾದವನನ್ನ ಒಳಗೇ ಇಟ್ಕೊಂಡು ಸಾಯಿಸ್ಬೇಡಿ. ಅದೇ ಲೆಕ್ಕ ಎದುರಿನವನಿಗೂ, ಅವನ ಅರೆಜೀವದ ಆಳು ಹೊರಗೆ ಕೂತು ಚೇತರಿಸ್ಕೊಳ್ತಿದ್ರೆ 236 ಮತ್ತೆ ಅಸಿಸ್ಟ್ ಬಟನ್ ಒತ್ತಿ, ಅದು ಸ್ನ್ಯಾಪ್‌ಬ್ಯಾಕ್. ಏಟು ಬಿದ್ರೆ ಒಳಗಿರೋನು ಆಚೆ ಹಾರಿ ಹೋಗ್ತಾನೆ, ಕೂತಿದ್ದವನು ಬಲವಂತಕ್ಕೆ ಒಳಗೆ ಬರ್ಬೇಕು. ಒಂದು ಲೆವೆಲ್ ಖರ್ಚು. ಗೆಳೆಯನ ಜೊತೆ ಆಡುವಾಗ ಇದನ್ನ ಮೊದಲ ಸಲ ಮಾಡಿದಾಗ ಅವನು ಅರ್ಧ ನಿಮಿಷ ಬೈದ.

ಬಲವಂತರು, ಬಡಪಾಯಿಗಳು

56ರಲ್ಲಿ ಎಲ್ಲರೂ ಸಮ ಅಲ್ಲ, ಹತ್ತಿರಕ್ಕೂ ಬರಲ್ಲ. ಮ್ಯಾಗ್ನೀಟೋ, ಸ್ಟಾರ್ಮ್, ಸೆಂಟಿನೆಲ್, ಕೇಬಲ್ ನಾಲ್ವರು ಎಲ್ಲರಿಗಿಂತ ಮೇಲೆ ಅನ್ನೋದು ಇಪ್ಪತ್ತು ವರ್ಷಕ್ಕಿಂತ ಹಳೇ ಮಾತು. ಮ್ಯಾಗ್ನೀಟೋ, ಸ್ಟಾರ್ಮ್, ಸೈಲಾಕ್ ಮೂವರ ಟೀಮ್‌ಗೆ ಎಂಎಸ್‌ಪಿ ಅಂತ ಹೆಸರೇ ಇದೆ. ಇನ್ನೊಂದು ತುದೀಲಿ ಸರ್ವ್‌ಬಾಟ್, ರೋಲ್, ಡಾನ್, ಇವರನ್ನ ತಮಾಷೆಗೇ ಸೇರಿಸಿದ ಹಾಗಿದೆ. ಆರಂಭಕ್ಕೆ ನನ್ನ ಆಯ್ಕೆ ಕೇಬಲ್, ಯಾಕಂದ್ರೆ ದೂರದಲ್ಲಿ ನಿಂತು ಗನ್ ಹೊಡೀತಾ ಮೇಲೆ ಹೇಳಿದ ಅಸಿಸ್ಟ್ ಸರದಿ ನೋಡೋಕೆ ಪುರುಸೊತ್ತು ಸಿಗುತ್ತೆ. ಮ್ಯಾಗ್ನೀಟೋ ಈಗ ಬೇಡ, ಅವನ ವೇಗಕ್ಕೆ ನಮ್ಮ ಕಣ್ಣೇ ಹೋಗಲ್ಲ.

ಈಗಿನ ನನ್ನ ಟೀಮ್ ಕೇಬಲ್, ಸೆಂಟಿನೆಲ್ ಗಾಮಾ, ಸೈಲಾಕ್ ಆಲ್ಫಾ. ವುಲ್ವರಿನ್‌ನ ಬಿಟ್ಟಿದ್ದಕ್ಕೆ ಬೇಜಾರಿದೆ. ನಿನ್ನೆ ಕೊನೇ ಮ್ಯಾಚಲ್ಲಿ ಇಬ್ಬರು ಸತ್ತು ಸೈಲಾಕ್ ಒಬ್ಬಳೇ ಉಳಿದಿದ್ಲು, ಆಗ ತಿಳೀತು ಇಷ್ಟು ದಿನ ಅವಳನ್ನ ಬರೀ ಬಟನ್ ತರ ನೋಡಿದೀನಿ, ಕೈಗೆ ಬಂದಾಗ ಅವಳ ಒಂದು ಮೂವೂ ಗೊತ್ತಿಲ್ಲ. ಇವತ್ತು ಸಂಜೆ ಟ್ರೈನಿಂಗಲ್ಲಿ ಅವಳ ಲಾಂಚರ್ ಯಾವುದು ಅಂತ ಹುಡುಕ್ತಾ ಕೂರ್ತೀನಿ.