ಸತ್ತ ಮೇಲೆ ಕಾಣುವ ರೋಗ, ಬದುಕಿರುವವರ ಕೇಸು

ಅಮೆರಿಕದ ಫುಟ್‌ಬಾಲ್ ಆಟಗಾರರ ಪಾಲಿಗೆ 2015ರ ಏಪ್ರಿಲ್ 22 ವಿಚಿತ್ರವಾದ ತಾರೀಖು. ಅದಕ್ಕಿಂತ ಮೊದಲು ತೀರಿಕೊಂಡ ಆಟಗಾರನ ಮಿದುಳಿನಲ್ಲಿ, ತಲೆಗೆ ಪದೇ ಪದೇ ಬಿದ್ದ ಏಟಿನಿಂದ ಬರುವ ಸಿಟಿಇ ಅನ್ನುವ ರೋಗ ಸಿಕ್ಕಿದ್ದರೆ ಮನೆಯವರಿಗೆ 40 ಲಕ್ಷ ಡಾಲರ್‌ವರೆಗೂ ಪರಿಹಾರ. ಆಮೇಲೆ ತೀರಿಕೊಂಡವನ ಮಿದುಳಿನಲ್ಲಿ ಅದೇ ರೋಗ ಅದಕ್ಕಿಂತ ಜೋರಾಗಿ ಇದ್ದರೂ, ಬರೀ ಆ ರೋಗದ ಲೆಕ್ಕದಲ್ಲಿ ಒಂದು ಪೈಸೆಯೂ ಇಲ್ಲ.

ಈ ಗೆರೆ ಎಳೆದದ್ದು ಆಟ ನಡೆಸುವ ಲೀಗಿಗೂ ಮಾಜಿ ಆಟಗಾರರಿಗೂ ನಡುವೆ ಆದ, ಕೋರ್ಟು ಒಪ್ಪಿದ ಒಂದು ರಾಜಿ. ಯಾಕೆ ಹೀಗಾಯಿತು ಅಂತ ಹುಡುಕಿದರೆ ಕಾನೂನಿಗಿಂತ ಮಿದುಳಿನ ವಿಷಯವೇ ಜಾಸ್ತಿ ಎದುರಾಗುತ್ತದೆ.

ಇದು ನಾವು ಕಾಲಿನಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕೈಯಲ್ಲಿ ಹಿಡಿದು, ಎದುರಿನವರ ಮೇಲೆ ನುಗ್ಗುವ ಅಮೆರಿಕದ ಆಟ. ಇದರಲ್ಲಿ 'ಸೆಂಟರ್' ಅನ್ನುವ ಜಾಗವಿದೆ. ಅವನು ಬಗ್ಗಿ, ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಡಬೇಕು. ಕೊಟ್ಟ ಮರುಗಳಿಗೆಯೇ ಎದುರಿಗಿರುವ ದೈತ್ಯನಿಗೆ ಡಿಕ್ಕಿ ಹೊಡೆಯಬೇಕು. ಪ್ರತಿ ಸಲವೂ ಹೀಗೇ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಮೈಕ್ ವೆಬ್‌ಸ್ಟರ್ 1974ರಿಂದ 1990ರವರೆಗೆ, 17 ಸೀಸನ್ ಈ ಕೆಲಸ ಮಾಡಿದರು. ಕೊನೆಯ ಎರಡು ಬೇರೆ ತಂಡಕ್ಕೆ. ನಾಲ್ಕು ಸಲ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದರು. ನಿವೃತ್ತಿಯ ನಂತರ ನೆನಪು ಕೈಕೊಟ್ಟಿತು, ಸಂಸಾರ ಮುರಿಯಿತು, ಟ್ರಕ್ಕಿನಲ್ಲಿ ಮಲಗುವ ಸ್ಥಿತಿ ಬಂತು. ಉದುರಿದ ಹಲ್ಲನ್ನು ಅಂಟು ಹಾಕಿ ಕೂರಿಸಿಕೊಳ್ಳುತ್ತಿದ್ದರು. ನಿದ್ದೆ ಬರಲಿ ಅಂತ ಕರೆಂಟ್ ಶಾಕ್ ಕೊಡುವ ಗನ್ ಅನ್ನು ಮೈಗೆ ಹಿಡಿಸಿಕೊಳ್ಳುತ್ತಿದ್ದರು. 2002ರ ಸೆಪ್ಟೆಂಬರ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ ಬರೀ 50.

ಪೋಸ್ಟ್‌ಮಾರ್ಟಂ ಮಾಡಿದವರು ನೈಜೀರಿಯಾದಿಂದ ಬಂದಿದ್ದ ಬೆನೆಟ್ ಒಮಾಲು ಎಂಬ ಯುವ ವೈದ್ಯ. ಇಷ್ಟು ಹಾಳಾದ ಮನುಷ್ಯನ ಮಿದುಳು ಕುಗ್ಗಿರಬೇಕು, ಕಲೆಗಟ್ಟಿರಬೇಕು ಅಂದುಕೊಂಡಿದ್ದರು. ನೋಡಿದರೆ ಮಿದುಳು ಮಾಮೂಲಿಯಾಗೇ ಇತ್ತು. ಬೇರೆಯವರಾಗಿದ್ದರೆ ಅಲ್ಲಿಗೇ ಮುಗಿಸುತ್ತಿದ್ದರೇನೋ. ಒಮಾಲು ಅದನ್ನು ರಾಸಾಯನಿಕದಲ್ಲಿಟ್ಟು ಗಟ್ಟಿ ಮಾಡಿಸಿ, ತೆಳುವಾಗಿ ಕತ್ತರಿಸಿ, ಬಣ್ಣ ಹಚ್ಚಿದ ಸ್ಲೈಡ್‌ಗಳನ್ನು ಸ್ವಂತ ಖರ್ಚಿನಲ್ಲಿ ಮಾಡಿಸಿದರು. ಸೂಕ್ಷ್ಮದರ್ಶಕದಡಿ ಕಂದು ಗಂಟುಗಳು ಕಂಡವು. ಟಾವ್ ಅನ್ನುವ ಪ್ರೋಟೀನಿನ ಗಂಟುಗಳು.

ಟಾವ್ ಕೆಟ್ಟದ್ದೇನಲ್ಲ, ಎಲ್ಲರ ಮಿದುಳಿನಲ್ಲೂ ಇರುತ್ತದೆ. ನರಕೋಶದ ಉದ್ದನೆಯ ಬಾಲದೊಳಗೆ ಸಾಮಾನು ಸಾಗಿಸುವ ಅತಿ ಸಣ್ಣ ಕೊಳವೆಗಳಿವೆ. ಅವು ಕುಸಿಯದಂತೆ ಹಿಡಿದಿಡುವುದು ಟಾವ್ ಕೆಲಸ. ಈಗ ತಲೆಗೆ ಏಟು ಬಿದ್ದಾಗ ಏನಾಗುತ್ತದೆ ನೋಡಿ. ತಿಪಟೂರಿನ ಕಡೆ ಉಂಡೆ ಕೊಬ್ಬರಿಗೆಂದು ಅಟ್ಟದ ಮೇಲೆ ಇಟ್ಟ ಕಾಯಿಯನ್ನು ನೀರು ಇಂಗಿದ ಮೇಲೆ ಅಲ್ಲಾಡಿಸಿದರೆ, ಒಳಗಿನ ಕೊಬ್ಬರಿ ಚಿಪ್ಪಿಗೆ ಬಡಿಯುವುದು ಕೇಳುತ್ತದೆ. ಚಿಪ್ಪಿನ ಸುತ್ತ ಎಷ್ಟೇ ಬಟ್ಟೆ ಸುತ್ತಿದರೂ ಒಳಗಿನ ಅಲ್ಲಾಟ ನಿಲ್ಲುವುದಿಲ್ಲ. ಹೆಲ್ಮೆಟ್ಟಿನ ಹಣೆಬರಹವೂ ಇಷ್ಟೇ: ಬುರುಡೆ ಒಡೆಯದಂತೆ ಕಾಯುತ್ತದೆ, ಒಳಗೆ ಮಿದುಳು ಅಲ್ಲಾಡುವುದನ್ನು ಪೂರ್ತಿ ತಡೆಯಲಾರದು. ಮಿದುಳೋ, ಬೆಣ್ಣೆಯಷ್ಟು ಮೆತ್ತಗೆ. ತಲೆ ಗಕ್ಕನೆ ತಿರುಗಿದಾಗ ಅದು ತಿರುಚಿಕೊಳ್ಳುತ್ತದೆ, ನರಕೋಶದ ಬಾಲಗಳು ಎಳೆದು ಹಿಗ್ಗುತ್ತವೆ. ಹೀಗೆ ವರ್ಷಗಟ್ಟಲೆ ಆದರೆ ಟಾವ್ ತನ್ನ ಜಾಗ ಬಿಟ್ಟು ಗಂಟುಕಟ್ಟುತ್ತದೆ. ಮಿದುಳಿನ ಮಡಿಕೆಗಳ ಆಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ ಮೊದಲು ಸೇರುತ್ತದೆ. ಅಲ್ಜೈಮರ್‌ನಲ್ಲೂ ಟಾವ್ ಗಂಟುಗಳಿವೆ, ಆದರೆ ಹಂಚಿಕೆ ಬೇರೆ. ಆ ಹಂಚಿಕೆಯೇ ಸಿಟಿಇಯ ಗುರುತು.

ತಲೆಸುತ್ತಿ ಬೀಳಿಸುವ ದೊಡ್ಡ ಏಟು, ಅಂದರೆ ಕನ್ಕಷನ್, ಮಾತ್ರ ಅಪಾಯ ಅಂತ ಬಹಳ ಜನ ಅಂದುಕೊಂಡಿದ್ದಾರೆ. 631 ಆಟಗಾರರ ಮಿದುಳುಗಳನ್ನು ನೋಡಿದ 2023ರ ಒಂದು ಅಧ್ಯಯನದಲ್ಲಿ ಕನ್ಕಷನ್ ಎಷ್ಟು ಸಲ ಆಗಿತ್ತು ಅನ್ನುವುದು ಸಿಟಿಇಗೆ ತಾಳೆಯಾಗಲಿಲ್ಲ. ತಾಳೆಯಾದದ್ದು ವರ್ಷಗಳುದ್ದಕ್ಕೂ ತಲೆ ತಿಂದ ಏಟುಗಳ ಒಟ್ಟು ಬಲ. ಸಣ್ಣಪುಟ್ಟವೂ ಸೇರಿ.

ಒಮಾಲು ಅವರ ಲೇಖನ 2005ರಲ್ಲಿ 'ನ್ಯೂರೋಸರ್ಜರಿ' ಪತ್ರಿಕೆಯಲ್ಲಿ ಬಂತು. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ 1994ರಲ್ಲೇ ತಲೆಪೆಟ್ಟಿನ ಬಗ್ಗೆ ಒಂದು ಸಮಿತಿ ಮಾಡಿತ್ತು. ಅದರ ಮೊದಲ ಅಧ್ಯಕ್ಷರು ಯಾರು ಗೊತ್ತಾ? ಕೀಲುನೋವಿನ ಡಾಕ್ಟರು! ಸಮಿತಿಯವರು ಆ ಲೇಖನವನ್ನು ವಾಪಸ್ ತೆಗೆದುಕೊಳ್ಳಬೇಕು ಅಂತ ಪತ್ರ ಬರೆದರು. ಪತ್ರಿಕೆ ಕೇಳಲಿಲ್ಲ.

2011ರ ಫೆಬ್ರವರಿಯಲ್ಲಿ ಡೇವ್ ಡ್ಯೂರ್ಸನ್ ಎಂಬ ಮಾಜಿ ಆಟಗಾರ ಆತ್ಮಹತ್ಯೆ ಮಾಡಿಕೊಂಡರು. ತನ್ನ ಮಿದುಳನ್ನು ಸಂಶೋಧನೆಗೆ ಕೊಡಿ ಅಂತ ಬರೆದಿಟ್ಟಿದ್ದರು. ಪರೀಕ್ಷೆಯಲ್ಲಿ ಸಿಟಿಇ ಸಿಕ್ಕಿತು. ಅದೇ ವರ್ಷ ಕೇಸುಗಳು ಶುರುವಾದವು. ಲೀಗಿಗೆ ಅಪಾಯ ಗೊತ್ತಿತ್ತು, ನಮ್ಮಿಂದ ಮುಚ್ಚಿಟ್ಟಿತು ಅನ್ನುವುದು ಆಟಗಾರರ ದೂರು. ಇದು ನೌಕರಿಯ ಒಪ್ಪಂದಕ್ಕೆ ಸೇರಿದ ವಿಷಯ, ಕೋರ್ಟಿಗೆ ಬರುವಂತಿಲ್ಲ ಅನ್ನುವುದು ಲೀಗಿನ ವಾದ. 4,500ಕ್ಕೂ ಹೆಚ್ಚು ಮಾಜಿ ಆಟಗಾರರು ಸೇರಿದರು. ಎಲ್ಲವನ್ನೂ ಒಟ್ಟು ಮಾಡಿ ಫಿಲಡೆಲ್ಫಿಯಾದ ನ್ಯಾಯಾಧೀಶೆ ಅನಿತಾ ಬ್ರೋಡಿ ಅವರ ಮುಂದಿಟ್ಟರು. ಅವರು ಕೂತು ಮಾತಾಡಿಕೊಳ್ಳಿ ಅಂದರು. 2013ರ ಆಗಸ್ಟ್‌ನಲ್ಲಿ 76.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಈ ದುಡ್ಡು ಎಲ್ಲರಿಗೂ ಸಾಲುತ್ತದಾ ಅಂತ ಅನುಮಾನ ಬಂದು ಬ್ರೋಡಿ ಅದನ್ನು ವಾಪಸ್ ಕಳಿಸಿದರು. ಒಟ್ಟು ಪರಿಹಾರಕ್ಕಿದ್ದ ಮಿತಿ ತೆಗೆದುಹಾಕಿದ ಮೇಲೆ, 2015ರ ಏಪ್ರಿಲ್ 22ರಂದು, ಒಪ್ಪಿದರು.

ರಾಜಿ ಆಗಿದ್ದರಿಂದ ಲೀಗ್ ತಪ್ಪು ಒಪ್ಪಿಕೊಳ್ಳಬೇಕಾಗಲಿಲ್ಲ. ಅದರ ಒಳಗಿನ ಕಾಗದಪತ್ರಗಳು ಈ ಕೇಸಿನಲ್ಲಿ ಹೊರಗೆ ಬರಲೂ ಇಲ್ಲ. ನನ್ನ ಪ್ರಕಾರ ಲೀಗಿಗೆ ಆದ ದೊಡ್ಡ ಲಾಭ ಇದೇ. ಫುಟ್‌ಬಾಲಿಗೂ ಸಿಟಿಇಗೂ ಸಂಬಂಧವಿದೆ ಅಂತ ಅದರ ಅಧಿಕಾರಿಯೊಬ್ಬರು ಅಮೆರಿಕದ ಸಂಸತ್ತಿನ ಮುಂದೆ ಒಪ್ಪಿಕೊಂಡದ್ದು 2016ರಲ್ಲಿ, ರಾಜಿಗೆ ಕೋರ್ಟಿನ ಮೊಹರು ಬಿದ್ದ ಮೇಲೆ.

ಇನ್ನು ಆ ತಾರೀಖಿನ ವಿಷಯ. ಸಿಟಿಇ ಇದೆಯೋ ಇಲ್ಲವೋ ಅಂತ ಖಚಿತವಾಗಿ ಹೇಳಬೇಕಾದರೆ ಮಿದುಳನ್ನು ಕತ್ತರಿಸಿ ನೋಡಬೇಕು. ಬದುಕಿರುವವನಲ್ಲಿ ಅದು ಆಗದು. ಹಾಗಾಗಿ ರಾಜಿಯು ಸಿಟಿಇಯನ್ನು ಬದಿಗಿಟ್ಟು, ಬದುಕಿರುವಾಗಲೇ ಪತ್ತೆಯಾಗುವ ಕಾಯಿಲೆಗಳಿಗೆ ದರ ಕಟ್ಟಿತು. ಸ್ನಾಯುಗಳನ್ನು ಆಡಿಸುವ ನರಗಳು ಸಾಯುವ ಎಎಲ್‌ಎಸ್‌ಗೆ 50 ಲಕ್ಷ ಡಾಲರ್‌ವರೆಗೆ, ಅಲ್ಜೈಮರ್ ಮತ್ತು ಪಾರ್ಕಿನ್ಸನ್‌ಗೆ 35 ಲಕ್ಷ, ಮುಂದುವರಿದ ಡಿಮೆನ್ಷಿಯಾಗೆ, ಅಂದರೆ ನೆನಪು, ಬುದ್ಧಿ ಕುಸಿಯುವ ಸ್ಥಿತಿಗೆ, 30 ಲಕ್ಷ. ವಯಸ್ಸು ಜಾಸ್ತಿಯಾದಷ್ಟೂ, ಆಡಿದ ವರ್ಷ ಕಡಿಮೆಯಾದಷ್ಟೂ ಮೊತ್ತ ಇಳಿಯುತ್ತದೆ. ಬದುಕಿರುವವರು ಪರೀಕ್ಷೆ ಮಾಡಿಸಿಕೊಳ್ಳಬಹುದು, ಆ ಅವಕಾಶವೇ ಇಲ್ಲದೆ ಹೋದವರಿಗೆ ಮಾತ್ರ ಸಿಟಿಇ ಲೆಕ್ಕಕ್ಕೆ ಬರಲಿ ಅನ್ನುವುದು ಇದರ ತರ್ಕ. ಕೇಳಲು ಸರಿಯಾಗೇ ಇದೆ, ಅಲ್ವಾ? ಆದರೆ ಡ್ಯೂರ್ಸನ್ ಅವರಂಥವರನ್ನು ಬಲಿ ತೆಗೆದುಕೊಂಡದ್ದು ಖಿನ್ನತೆ, ಸಿಟ್ಟು, ಹತೋಟಿ ತಪ್ಪುವ ಮನಸ್ಸು. ಆ ಲಕ್ಷಣಗಳಿಗೆ ಈ ಪಟ್ಟಿಯಲ್ಲಿ ಜಾಗವೇ ಇಲ್ಲ. ಆಟ ಆಡದವರಿಗೂ ಖಿನ್ನತೆ ಬರುತ್ತದೆ, ಆಟದಿಂದಲೇ ಬಂತು ಅಂತ ಬೇರ್ಪಡಿಸುವುದು ಹೇಗೆ ಅನ್ನುವುದು ಕೊಟ್ಟ ಕಾರಣ.

ಡಿಮೆನ್ಷಿಯಾವನ್ನು ಅಳೆಯುವುದೂ ಸುಲಭವಲ್ಲ. ಪದಗಳ ಪಟ್ಟಿ ಓದಿ, ಸ್ವಲ್ಪ ಹೊತ್ತು ಬಿಟ್ಟು ನೆನಪಿಸಿಕೊಳ್ಳಿ ಅನ್ನುತ್ತಾರೆ. ಬಂದ ಅಂಕ ಎಷ್ಟು ಕುಸಿದಿದೆ ಅಂತ ತಿಳಿಯಲು ಮೊದಲು ಎಷ್ಟಿತ್ತು ಅಂತ ಗೊತ್ತಿರಬೇಕು. ಅದು ಗೊತ್ತಿಲ್ಲ. ಆದ್ದರಿಂದ ಅದೇ ವಯಸ್ಸಿನ, ಅಷ್ಟೇ ಓದಿದ ಜನರ ಸರಾಸರಿಗೆ ಹೋಲಿಸುತ್ತಾರೆ. ಇಲ್ಲಿ ಇನ್ನೊಂದು ಹೋಲಿಕೆಯೂ ನುಸುಳಿತ್ತು, ಜನಾಂಗದ್ದು. ಕಪ್ಪು ಜನರ ಅಂಕ ಮೊದಲೇ ಕಡಿಮೆ ಇರುತ್ತದೆ ಅಂತ ಹಿಡಿದರೆ, ಅವರದು ಕುಸಿದಿದೆ ಅಂತ ತೋರಿಸಲು ಅಂಕ ಇನ್ನೂ ಕೆಳಗಿಳಿಯಬೇಕು. ಅಂದರೆ ಅದೇ ಅಂಕಕ್ಕೆ ಬಿಳಿಯನಿಗೆ ಲಕ್ಷಗಟ್ಟಲೆ ಡಾಲರ್, ಕಪ್ಪು ಆಟಗಾರನಿಗೆ 'ನೀವು ಚೆನ್ನಾಗಿದ್ದೀರಿ' ಅನ್ನುವ ಕಾಗದ. ಕಪ್ಪು ಜನರಿಗೆ ಸುಮ್ನೆ ಡಿಮೆನ್ಷಿಯಾ ಅಂತ ಹಣೆಪಟ್ಟಿ ಹಚ್ಚದಿರಲಿ ಅಂತ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದ ಪದ್ಧತಿ ಪರಿಹಾರದ ಲೆಕ್ಕಕ್ಕೆ ಬಂದಾಗ ಉಲ್ಟಾ ಹೊಡೆಯಿತು. ಕೆವಿನ್ ಹೆನ್ರಿ ಮತ್ತು ನಜೇ ಡೇವನ್‌ಪೋರ್ಟ್ ಎಂಬ ಇಬ್ಬರು ಮಾಜಿ ಆಟಗಾರರು 2020ರಲ್ಲಿ ಕೋರ್ಟಿಗೆ ಹೋದರು. 2022ರಲ್ಲಿ ಆ ಪದ್ಧತಿ ಹೋಯಿತು, ಹಳೆಯ ಅಂಕಗಳನ್ನು ಮತ್ತೆ ಲೆಕ್ಕ ಹಾಕಬೇಕಾಯಿತು.

ಕಾಲಿನ ಫುಟ್‌ಬಾಲಿನಲ್ಲೂ ಇದೇ ಜಗಳ ನಡೆದಿದೆ. ಇಂಗ್ಲೆಂಡಿನ ಜೆಫ್ ಆಸಲ್ ತಲೆಯಲ್ಲಿ ಚೆಂಡು ಹೊಡೆಯುವುದರಲ್ಲಿ ಹೆಸರುವಾಸಿ. 2002ರಲ್ಲಿ 59ನೇ ವಯಸ್ಸಿಗೆ ಸತ್ತಾಗ ಸಾವಿನ ವಿಚಾರಣೆ ನಡೆಸಿದ ಅಧಿಕಾರಿ ಅದನ್ನು ಕಸುಬಿನಿಂದ ಬಂದ ರೋಗ ಅಂತ ಬರೆದರು. 2019ರಲ್ಲಿ ಗ್ಲಾಸ್ಗೋದ ಸಂಶೋಧಕರು 7,676 ಮಾಜಿ ವೃತ್ತಿಪರ ಆಟಗಾರರನ್ನು ಸುಮಾರು 23,000 ಸಾಮಾನ್ಯ ಜನರೊಂದಿಗೆ ಹೋಲಿಸಿದರು. ಡಿಮೆನ್ಷಿಯಾದಂಥ ನರರೋಗಗಳಿಂದ ಸಾಯುವ ಸಂಭವ ಆಟಗಾರರಿಗೆ ಸುಮಾರು ಮೂರೂವರೆ ಪಟ್ಟು. ಮುಂದಿನ ಅಧ್ಯಯನದಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ರಕ್ಷಣಾ ಆಟಗಾರರಿಗೆ ಅಪಾಯ ಎಲ್ಲರಿಗಿಂತ ಜಾಸ್ತಿ. ಗೋಲ್‌ಕೀಪರ್‌ಗಳಿಗೆ ಮಾತ್ರ ಸಾಮಾನ್ಯ ಜನರಷ್ಟೇ. ಅದೇ ಮೈದಾನ, ಅದೇ ಊಟ, ಅದೇ ತಿರುಗಾಟ. ಗೋಲ್‌ಕೀಪರ್ ಚೆಂಡು ಹಿಡಿಯುವುದು ಕೈಯಲ್ಲಿ.

ಬಾಸ್ಟನ್ನಿನಲ್ಲಿ ಪರೀಕ್ಷಿಸಿದ 111 ಎನ್‌ಎಫ್‌ಎಲ್ ಆಟಗಾರರ ಮಿದುಳುಗಳಲ್ಲಿ 110ರಲ್ಲಿ ಸಿಟಿಇ ಇತ್ತು ಅನ್ನುವ 2017ರ ಸುದ್ದಿ ಎಲ್ಲರ ಬಾಯಲ್ಲೂ ಇದೆ. ನನಗೆ ಗ್ಲಾಸ್ಗೋ ಲೆಕ್ಕವೇ ಹೆಚ್ಚು ಗಟ್ಟಿ ಅನ್ನಿಸುತ್ತದೆ. ಬಾಸ್ಟನ್ನಿಗೆ ಮಿದುಳು ಕೊಟ್ಟ ಮನೆಯವರಲ್ಲಿ ಮೊದಲೇ ತೊಂದರೆ ಕಂಡವರೇ ಜಾಸ್ತಿ. ಅದರಿಂದ ಎಲ್ಲ ಆಟಗಾರರ ಬಗ್ಗೆ ತೀರ್ಮಾನಕ್ಕೆ ಬರಲಾಗದು.

ಆದರೂ ಮೂರೂವರೆ ಪಟ್ಟು ಅನ್ನುವುದು ಗುಂಪಿನ ಮಾತು. ಹಾಗೆ ಸತ್ತ ಏಳು ಆಟಗಾರರನ್ನು ತೆಗೆದುಕೊಳ್ಳಿ. ಆಡದಿದ್ದರೂ ಅವರಲ್ಲಿ ಇಬ್ಬರಿಗೆ ರೋಗ ಬರುತ್ತಿತ್ತು, ಐವರಿಗೆ ಆಟದಿಂದ ಬಂತು ಅನ್ನಬಹುದು. ಆ ಇಬ್ಬರು ಯಾರು? ವಿಜ್ಞಾನಿ ಈ ಪ್ರಶ್ನೆಗೆ ಉತ್ತರ ಹೇಳದೆಯೇ ಮುಂದೆ ಹೋಗಬಹುದು. ಕೋರ್ಟಿನಲ್ಲಿ ನಿಂತವನು ಒಬ್ಬನೇ ಆದ್ದರಿಂದ ವಕೀಲರು ಹಿಡಿದು ಜಗ್ಗುವುದೇ ಇಲ್ಲಿ.

ಬದುಕಿರುವಾಗಲೇ ಟಾವ್ ನೋಡುವ ಪ್ರಯತ್ನ ನಡೆದಿದೆ. 2019ರಲ್ಲಿ 26 ಮಾಜಿ ಎನ್‌ಎಫ್‌ಎಲ್ ಆಟಗಾರರಿಗೆ ಟಾವ್‌ಗೆ ಅಂಟಿಕೊಳ್ಳುವ ಔಷಧ ಚುಚ್ಚಿ ಪೆಟ್ ಸ್ಕ್ಯಾನ್ ಮಾಡಿದರು. ಗುಂಪಾಗಿ ನೋಡಿದರೆ ಹೋಲಿಕೆಗೆ ತೆಗೆದುಕೊಂಡ ಬೇರೆಯವರಿಗಿಂತ ಜಾಸ್ತಿ ಟಾವ್ ಕಂಡಿತು. ಒಬ್ಬೊಬ್ಬರನ್ನೇ ನೋಡಿ ಇವನಿಗೆ ಇದೆ, ಇವನಿಗೆ ಇಲ್ಲ ಅನ್ನುವಷ್ಟು ಸ್ಪಷ್ಟವಾಗಿರಲಿಲ್ಲ. ಅಂಥ ಪರೀಕ್ಷೆ ಮುಂದೆ ಬಂದರೂ ರಾಜಿಗೆ ಒಳಪಟ್ಟ ಸುಮಾರು 20,000 ಆಟಗಾರರು ಹೊಸದಾಗಿ ಕೇಸು ಹಾಕುವಂತಿಲ್ಲ. ಪರಿಹಾರದ ನಿಧಿ 65 ವರ್ಷ ನಡೆಯಬೇಕು. ಕನಿಷ್ಠ 10 ವರ್ಷಕ್ಕೊಮ್ಮೆ ಎರಡೂ ಕಡೆಯವರು ಕೂತು, ರೋಗಗಳ ವ್ಯಾಖ್ಯೆ ಬದಲಿಸಬೇಕೇ ಅಂತ ಚರ್ಚಿಸಬೇಕು ಅನ್ನುವ ಷರತ್ತು ರಾಜಿಯಲ್ಲಿದೆ. ಚರ್ಚಿಸಬೇಕು ಅಂತಿದೆ, ಬದಲಿಸಲೇಬೇಕು ಅಂತಿಲ್ಲ.