‘ಇಲ್ಲಿ ನೋಡಿ’ ಎಂದರೆ ಎಲ್ಲಿ?

“ಇಲ್ಲಿ ನೋಡಿ, ಇದನ್ನು ಇದರೊಂದಿಗೆ ಕೂಡಿಸಿದರೆ ಅದು ಬರುತ್ತದೆ.” ಗಣಿತದ ತರಗತಿಯಲ್ಲಿ ದಿನವೂ ಕೇಳಿಬರುವ ಈ ಮಾತನ್ನು ಒಮ್ಮೆ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳಿ. ಏನನ್ನು ಕೂಡಿಸಿದರು, ಬಂದದ್ದು ಎಷ್ಟು, ಒಂದೂ ತಿಳಿಯುವುದಿಲ್ಲ. ದೃಷ್ಟಿದೋಷವಿರುವ ವಿದ್ಯಾರ್ಥಿ ಶಾಲೆಯ ಬೆಂಚಿನ ಮೇಲಿದ್ದರೆ ಪಕ್ಕದವರನ್ನು ಪಿಸುದನಿಯಲ್ಲಿ ಕೇಳಿಕೊಳ್ಳಬಹುದು. ಪಾಠ ಅಂತರಜಾಲದ ಮೂಲಕ ಬಂದಾಗ ಆ ಪಕ್ಕದವರೂ ಇರುವುದಿಲ್ಲ.

ಸಾಮಾನ್ಯ ಶಾಲೆಯಲ್ಲಿ ಓದುವ ಇಂಥ ಮಕ್ಕಳಿಗೆ ಬ್ರೈಲ್ ಬಲ್ಲ ವಿಶೇಷ ಶಿಕ್ಷಕರ ನೆರವು ಬೇಕಾಗುತ್ತದೆ. ಅಂಥವರು ಪ್ರತಿ ಶಾಲೆಗೂ ಸಿಗುವುದಿಲ್ಲ. ಒಬ್ಬರೇ ಹಲವು ಶಾಲೆಗಳನ್ನು ಸುತ್ತುವುದುಂಟು. ದಾರಿಯಲ್ಲಿ ಕಳೆದುಹೋಗುವ ಅವರ ಸಮಯವನ್ನು ಉಳಿಸಿ, ಕಂಪ್ಯೂಟರ್ ಮೂಲಕವೇ ಮಗುವಿನ ಬಳಿಗೆ ಕರೆತರುವ ಯೋಚನೆ ಒಳ್ಳೆಯದೇ. ಅದು ಎಷ್ಟರಮಟ್ಟಿಗೆ ಸಾಗುತ್ತದೆ ಎಂಬುದು, ಅಂತರಜಾಲದಲ್ಲಿ ಏನು ಹಾದುಹೋಗುತ್ತದೆ, ಏನು ಹೋಗುವುದಿಲ್ಲ ಎಂಬುದನ್ನು ಅವಲಂಬಿಸಿದೆ.

ಕಣ್ಣು ಕಾಣದವರು ಕಂಪ್ಯೂಟರ್ ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದಿಂದ. ಪರದೆಯ ಮೇಲಿನ ಅಕ್ಷರಗಳನ್ನು ಅದು ಧ್ವನಿಯಾಗಿ ಓದುತ್ತದೆ, ಇಲ್ಲವೇ ಬ್ರೈಲ್ ಪ್ರದರ್ಶಕಕ್ಕೆ ಕಳುಹಿಸುತ್ತದೆ. ಈ ಪ್ರದರ್ಶಕ ಸೊಗಸಾದ ಯಂತ್ರ: ವಿದ್ಯುತ್ ಹರಿದಾಗ ಬಾಗುವ ಸಣ್ಣ ಪಟ್ಟಿಗಳು ಸೂಜಿಯಂಥ ಚುಕ್ಕೆಗಳನ್ನು ಮೇಲೆತ್ತುತ್ತವೆ, ಬೆರಳು ಅವುಗಳ ಮೇಲೆ ಹರಿಯುತ್ತದೆ, ಸಾಲು ಮುಗಿದೊಡನೆ ಚುಕ್ಕೆಗಳು ಬದಲಾಗುತ್ತವೆ. ಆದರೆ ಶಿಕ್ಷಕರು ತಮ್ಮ ಪರದೆಯನ್ನು ಹಂಚಿಕೊಂಡಾಗ ಮಗುವಿಗೆ ತಲುಪುವುದು ಅಕ್ಷರಗಳಲ್ಲ, ಅಕ್ಷರಗಳ ಚಿತ್ರ. ಓಡುವ ವಿಡಿಯೊದಲ್ಲಿ ಸ್ಕ್ರೀನ್ ರೀಡರ್‌ಗೆ ನೇರವಾಗಿ ಓದಲು ಏನೂ ಸಿಗುವುದಿಲ್ಲ. ಎಲ್ಲರೆದುರು ಬೆಳಗುತ್ತಿರುವ ಪುಟ ಆ ಮಗುವಿನ ಪಾಲಿಗೆ ಮೌನ. ಅದೇ ಪುಟವನ್ನು ಪಠ್ಯವಾಗಿ ಪಾಠಕ್ಕೆ ಮುಂಚೆಯೇ ಕಳುಹಿಸಿದ್ದರೆ ತೊಡಕಿನ ಬಹುಪಾಲು ಅಲ್ಲಿಗೇ ತೀರುತ್ತಿತ್ತು. ಇಷ್ಟು ಸುಲಭವಾದದ್ದು ಇಷ್ಟು ಅಪರೂಪವಾಗಿರುವುದು ನನಗೆ ಇನ್ನೂ ಸೋಜಿಗ.

ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಆರಂಭಿಸಿದ, ಇಂದಿಗೂ ಉಚಿತವಾಗಿ ದೊರೆಯುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್‌ನಲ್ಲಿ ಎರಡು ಕಂಪ್ಯೂಟರ್‌ಗಳನ್ನು ಬೆಸೆಯುವ ಸೌಲಭ್ಯವಿದೆ. ಶಿಕ್ಷಕರು ಒತ್ತಿದ ಕೀಲಿ ಮಗುವಿನ ಯಂತ್ರದಲ್ಲಿ ಕೆಲಸ ಮಾಡುತ್ತದೆ. ಅಲ್ಲಿನ ಸ್ಕ್ರೀನ್ ರೀಡರ್ ಹೇಳಿದ್ದು ಶಿಕ್ಷಕರಿಗೂ ಕೇಳಿಸುತ್ತದೆ. ಜಾಣತನವಿರುವುದು ಸಾಗಣೆಯಲ್ಲಿ: ದಾರಿಯಲ್ಲಿ ಹೋಗುವುದು ದನಿಯಲ್ಲ, ನುಡಿಯಬೇಕಾದ ಪಠ್ಯ ಮಾತ್ರ. ಅದಕ್ಕೆ ದನಿ ಕೊಡುವುದು ಶಿಕ್ಷಕರ ಕಂಪ್ಯೂಟರೇ. ಹೀಗಾಗಿ ವಿಡಿಯೊ ತಡವರಿಸುವಷ್ಟು ದುರ್ಬಲ ಸಂಪರ್ಕದಲ್ಲೂ ಇದು ಸರಾಗವಾಗಿ ನಡೆಯಬಲ್ಲದು. ಕಿವಿಯ ಗೊಂದಲ ಮಾತ್ರ ಉಳಿಯುತ್ತದೆ. ಶಿಕ್ಷಕರ ಮಾತು, ಯಂತ್ರದ ಮಾತು ಒಟ್ಟಿಗೇ ಬಂದರೆ ಎರಡೂ ಅರ್ಥವಾಗುವುದಿಲ್ಲ. ಒಂದು ಕಿವಿಗೆ ಯಂತ್ರ, ಇನ್ನೊಂದಕ್ಕೆ ಶಿಕ್ಷಕರು ಎಂದು ಕೆಲವರು ಹಂಚಿಕೊಳ್ಳುತ್ತಾರೆ. ಶಿಕ್ಷಕರು ನಡುನಡುವೆ ಸುಮ್ಮನಿರುವುದು ಇನ್ನೂ ಒಳ್ಳೆಯದು.

ಗಣಿತದಲ್ಲಿ ಮಾತು ಕೂಡ ಮೋಸ ಮಾಡುತ್ತದೆ. “ಎಕ್ಸ್ ಕೂಡಿಸು ಒಂದು ಭಾಗಿಸು ಎರಡು” ಎಂದರೆ ಭಾಗವಾಗುವುದು ಇಡೀ ಮೊತ್ತವೋ, ಒಂದು ಮಾತ್ರವೋ? ಎಕ್ಸ್‌ನ ಬೆಲೆ 3 ಆದರೆ ಮೊದಲನೆಯದರ ಉತ್ತರ 2, ಎರಡನೆಯದರದು 3.5. ಕಣ್ಣಿಗೆ ಅಡ್ಡಗೆರೆಯ ಉದ್ದವೇ ಉತ್ತರ ಹೇಳಿಬಿಡುತ್ತದೆ. ಸ್ವತಃ ಅಂಧರಾಗಿದ್ದ ಗಣಿತಜ್ಞ ಅಬ್ರಹಾಂ ನೆಮೆತ್ ರೂಪಿಸಿದ, 1952ರಲ್ಲಿ ಪ್ರಕಟವಾದ ಬ್ರೈಲ್ ಗಣಿತ ಲಿಪಿಯಲ್ಲಿ ಭಿನ್ನರಾಶಿ ಎಲ್ಲಿ ತೊಡಗಿತು, ಎಲ್ಲಿ ಮುಗಿಯಿತು ಎನ್ನುವುದಕ್ಕೆ ಬೇರೆಬೇರೆ ಗುರುತುಗಳಿವೆ. ದೂರದಿಂದ ಪಾಠ ಹೇಳುವವರು ಬಾಯಲ್ಲೂ ಇದನ್ನೇ ಅನುಸರಿಸಬಹುದು: “ಭಿನ್ನರಾಶಿ ಶುರು, ಎಕ್ಸ್ ಕೂಡಿಸು ಒಂದು, ಕೆಳಗೆ ಎರಡು, ಭಿನ್ನರಾಶಿ ಮುಗಿಯಿತು.” ಮೊದಲ ವಾರ ನಾಲಿಗೆ ತೊಡರುತ್ತದೆ, ಆಮೇಲೆ ರೂಢಿಯಾಗುತ್ತದೆ.

ಅಲ್ಪಸ್ವಲ್ಪ ದೃಷ್ಟಿ ಇರುವ ಮಕ್ಕಳ ಲೆಕ್ಕಾಚಾರ ಬೇರೆ. ಅವರಿಗೆ ಪರದೆ ಹಂಚಿಕೊಳ್ಳುವುದೇ ವರವಾಗಬಹುದು. ನಾಲ್ಕು ಮೀಟರ್ ದೂರದ ಹಲಗೆಯ ಮೇಲಿನ 5 ಸೆಂಟಿಮೀಟರ್ ಅಕ್ಷರ ಕಣ್ಣಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೋ, 20 ಸೆಂಟಿಮೀಟರ್ ದೂರದ ಟ್ಯಾಬ್ಲೆಟ್‌ನಲ್ಲಿ ಎರಡೂವರೆ ಮಿಲಿಮೀಟರ್ ಅಕ್ಷರವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಅದನ್ನು ಹಿಗ್ಗಿಸಿದರೆ ಲಾಭವೇ ಲಾಭ. ಬಿಳಿ ಹಲಗೆಯ ಮೇಲೆ ಮಾಸಿದ ಹಸಿರು ಪೆನ್ನಿನಿಂದ ಬರೆಯದಿದ್ದರೆ ಸಾಕು.

ಸ್ಪರ್ಶ ಮಾತ್ರ ಅಂತರಜಾಲದಲ್ಲಿ ಹೋಗುವುದಿಲ್ಲ. ತ್ರಿಭುಜವನ್ನೋ ಭೂಪಟವನ್ನೋ ಉಬ್ಬುಚಿತ್ರವಾಗಿ ಮೊದಲೇ ಅಂಚೆಯಲ್ಲಿ ಕಳುಹಿಸಬೇಕು. ಬಿಸಿ ತಾಗಿದಾಗ ಕಪ್ಪು ಗೆರೆಗಳಷ್ಟೇ ಉಬ್ಬಿ ನಿಲ್ಲುವ ವಿಶೇಷ ಕಾಗದ ಇದಕ್ಕೆಂದೇ ಇದೆ. ಬ್ರೈಲ್ ಕಲಿಸುವಾಗ ಕ್ಯಾಮೆರಾ ಮಗುವಿನ ಮುಖದ ಕಡೆ ಇದ್ದು ಪ್ರಯೋಜನವಿಲ್ಲ. ಮೇಲಿನಿಂದ ಕೈಗಳನ್ನು ತೋರಿಸಬೇಕು. ಬೆರಳು ಸಾಲು ತಪ್ಪುತ್ತಿದೆಯೇ, ಒತ್ತಡ ಹೆಚ್ಚಾಯಿತೇ ಎಂಬುದು ತಿಳಿಯುವುದು ಆಗಲೇ. ತಪ್ಪಿದ ಬೆರಳನ್ನು ಸರಿದಾರಿಗೆ ತರಲು ಶಾಲೆಯಲ್ಲೊಬ್ಬ ಸಹಾಯಕರು ಬೇಕೇ ಬೇಕು. ಅವರು ಮಗುವಿನ ಕೈ ಹಿಡಿದು ಎಳೆಯಬಾರದು. ತಮ್ಮ ಕೈಯನ್ನು ಅದರ ಕೈಯ ಕೆಳಗಿಟ್ಟು, ಬೇಡವೆನಿಸಿದಾಗ ಮಗುವೇ ಕೈ ತೆಗೆಯುವಂತಿರಬೇಕು. ಪಾಪ, ಅನುಕಂಪದ ಭರದಲ್ಲಿ ಉತ್ತರವನ್ನೂ ತಾವೇ ಬರೆದುಬಿಡುವ ಸಹಾಯಕರೂ ಇರುತ್ತಾರೆ.

ಇನ್ನು ಬಿಳಿಕೋಲು ಹಿಡಿದು ನಡೆಯುವ ಪಾಠ. ಕೋಲಿನ ಬೀಸು ಹೇಗಿರಬೇಕು, ವಾಹನದ ಸದ್ದಿನಿಂದ ದಿಕ್ಕು ಅಳೆಯುವುದು ಹೇಗೆ ಎಂದು ದೂರದಿಂದಲೂ ವಿವರಿಸಬಹುದು. ರಸ್ತೆ ದಾಟಿಸಿ ಕಲಿಸುವ ದಿನ ಮಾತ್ರ ಶಿಕ್ಷಕರು ಬಸ್ ಹತ್ತಿ ಬರಲೇಬೇಕು.